ತಲೆಗೆ ಏನಾದ್ರೂ ಹಾಕ್ಕಂಡವ್ನಾ?

ರಾಜಕುಮಾರಿ ಕಿಟಕಿ ಹತ್ತಿರ ನಿಂತು ಕಣ್ಣೀರು ಒರೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ ನಮ್ಮ ಮನೆಯಲ್ಲಿ ಹಾಲು ಉಕ್ಕುತ್ತದೆ. ಇದು ಒಂದು ದಿನದ ಮಾತಲ್ಲ. ನಾನು ಹಳೇ ಕಾಲದ ಪ್ರೇಮಕಾದಂಬರಿ ಬರೆಯೋಕೆ ಶುರು ಮಾಡಿದಾಗಿನಿಂದ ಇಂಥವೆಲ್ಲ ವಿಳಾಸ ಕೇಳಿಕೊಂಡು ನಮ್ಮ ಮನೆಗೇ ಬರುತ್ತಿವೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ತುಮಕೂರಿನ ಸದಾಶಿವನಗರದಲ್ಲಿ ಬಾಡಿಗೆ ಮನೆ. ಹೊಟ್ಟೆಪಾಡಿಗೆ ಸೀರೆಗೆ ಕುಚ್ಚು ಕಟ್ಟುತ್ತೇನೆ, ಅದರ ಜೊತೆಗೆ ಪಾಳೆಗಾರರ ಕಾಲದ ಪ್ರೇಮಿಗಳನ್ನು ಸೇರಿಸುತ್ತೇನೆ, ಅಗಲಿಸುತ್ತೇನೆ. ಮನೆಯಲ್ಲಿ ನಾನು, ಯುಕೆಜಿ ಓದುವ ಮಗಳು, ನನ್ನ ಅತ್ತೆ. ಇನ್ನೊಂದು, ಗೋಡೆಯ ಮೊಳೆಗೆ ನೇತುಹಾಕಿದ ಹೆಲ್ಮೆಟ್ಟು. ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಿದ್ದ ನಮ್ಮ ಯಜಮಾನರು ಒಂದು ಬೆಳಿಗ್ಗೆ ಅದನ್ನು ಅಲ್ಲೇ ಬಿಟ್ಟು ಬೈಕ್ ಹತ್ತಿ ಕುಣಿಗಲ್ ಕಡೆ ಹೋದರು. ಕುಣಿಗಲ್ ಮುಟ್ಟಲಿಲ್ಲ, ವಾಪಸ್ಸೂ ಬರಲಿಲ್ಲ. ಮಗಳು ಆಗ ಇನ್ನೂ ತೊಟ್ಟಿಲಲ್ಲಿದ್ದಳು. ಆ ಹೆಲ್ಮೆಟ್ಟನ್ನು ಅತ್ತೆ ಯಾರಿಗೂ ಮುಟ್ಟಿಸುವುದಿಲ್ಲ. ಧೂಳು ಒರೆಸುವುದೂ ಅವರೇ.

ನನ್ನ ಕಾದಂಬರಿಗಳ ನಾಯಕ ಯುದ್ಧಕ್ಕೆ ಹೋಗುತ್ತಾನೆ, ಕೊನೆಯ ಅಧ್ಯಾಯದಲ್ಲಿ ತಪ್ಪದೆ ಮನೆಗೆ ಬರುತ್ತಾನೆ. ಅದು ಅತ್ತೆಯ ಅಪ್ಪಣೆ. ಈಗ ಬರೆಯುತ್ತಿರುವ ಕಾದಂಬರಿಯ ನಾಯಕ ಬರುತ್ತಾನೋ ಇಲ್ಲವೋ ಅನ್ನುವುದೇ ನಮ್ಮ ಮನೆಯ ದೊಡ್ಡ ತಕರಾರು. ಅದನ್ನು ಹೇಳೋಕೇ ಕೂತಿದ್ದೇನೆ. ಆದರೆ ನೇರವಾಗಿ ಅಲ್ಲಿಗೆ ಹೋಗುವ ಧೈರ್ಯ ನನಗಿಲ್ಲ, ಸುತ್ತಿಕೊಂಡೇ ಹೋಗುತ್ತೇನೆ.

ಹೊಳೆ ಇಲ್ಲದ ರಾಜ್ಯ

"ಇಷ್ಟೊಂದು ಇತಿಹಾಸ ಎಲ್ಲಿ ಕಲಿತ್ರಿ?" ಅಂತ ಜನ ಕೇಳುತ್ತಾರೆ. ಗುಬ್ಬಿಯಲ್ಲಿ, ನಮ್ಮಪ್ಪನ ಅಂಗಡಿಯಲ್ಲಿ. ಹಳ್ಳಿ ನಾಟಕಗಳಿಗೆ ಡ್ರೆಸ್ಸು, ಕಿರೀಟ, ಗದೆ, ಪರದೆ ಬಾಡಿಗೆ ಕೊಡುವ ಅಂಗಡಿ ಅದು. ನಾನು ಸಿಂಹಾಸನದ ಮೇಲೆ ಕೂತು ಉಪ್ಪಿಟ್ಟು ತಿಂದು ಬೆಳೆದವಳು. ನಮ್ಮ ಬೆಕ್ಕು ಮರಿ ಹಾಕಿದ್ದು ದೊಡ್ಡ ಕಿರೀಟದೊಳಗೆ. ಆ ತಿಂಗಳು ಯಾವ ಊರಿನ ರಾಜನಿಗೂ ಕಿರೀಟ ಸಿಗಲಿಲ್ಲ, ಪೇಟ ಸುತ್ತಿಕೊಂಡೇ ರಾಜ್ಯ ಆಳಿದರು.

ನನ್ನ ಮೊದಲ ಕಾದಂಬರಿ ಓದಿದ ಪ್ರಕಾಶಕರು ಅಂದರು: "ಚೆನ್ನಾಗಿದೆ ಕಣಮ್ಮ. ಆದ್ರೆ ಎಲ್ಲಾ ಬರೀ ಅರಮನೇಲಿ ನಡೀತದೆ, ಇಲ್ಲಾ ಕಾಡಲ್ಲಿ, ಇಲ್ಲಾ ಬೀದೀಲಿ. ಪ್ರೇಮಿಗಳಿಗೆ ಒಂದು ಹೊಳೆ ದಂಡೆ ಬೇಡ್ವಾ?"

ಆಗ ನನಗೆ ಹೊಳೆಯಿತು. ಅಪ್ಪನ ಅಂಗಡಿಯಲ್ಲಿ ಇದ್ದದ್ದೇ ಮೂರು ಪರದೆ, ಅರಮನೆ, ಕಾಡು, ಬೀದಿ. ಲೋಕದಲ್ಲಿ ಬೇರೆ ಜಾಗ ಇದೆ ಅಂತ ನನ್ನ ತಲೆಗೆ ಹೋಗಿಯೇ ಇರಲಿಲ್ಲ. ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪಾ, ನಮ್ಮ ಹತ್ರ ಹೊಳೆ ಪರದೆ ಯಾಕಿರಲಿಲ್ಲ?"

"ಇತ್ತು ಕಣವ್ವ. ನೀನು ಹುಟ್ಟೋಕ್ ಮುಂಚೆ ಹಾಗಲವಾಡಿ ಕಡೆಯೋರು ತಗಂಡೋದ್ರು. ಇವತ್ತು ಕೊಡ್ತೀವಿ ನಾಳೆ ಕೊಡ್ತೀವಿ ಅಂತಾನೇ ಅವ್ರೆ."

ಅದಕ್ಕೇ ನನ್ನ ಪ್ರೇಮಿಗಳಿಗೆ ಇವತ್ತಿಗೂ ಕಾಲು ತೊಳೆಯೋಕೆ ಒಂದು ಹೊಳೆ ಇಲ್ಲ. ಅದು ಹಾಗಲವಾಡಿಯ ಯಾರದ್ದೋ ಅಟ್ಟದ ಮೇಲೆ ಹರಿಯುತ್ತಿದೆ.

ಒಂದೇ ಮಾತಿನ ಸೈನಿಕ

ಹುಲಿಯೂರುದುರ್ಗದ ಹತ್ತಿರದ ಹಳ್ಳಿಯೊಂದರಿಂದ ನಾಟಕದವರು ಡ್ರೆಸ್ಸಿಗೆ ಬಂದಿದ್ದರು. ಅವರಲ್ಲಿ ಒಬ್ಬ ಹುಡುಗನಿಗೆ ಸೈನಿಕನ ಪಾರ್ಟು. ಇಡೀ ನಾಟಕಕ್ಕೆ ಅವನದು ಒಂದೇ ಮಾತು. "ಪ್ರಭು, ಶತ್ರುಗಳು ಕೋಟೆ ಮುತ್ತಿದ್ದಾರೆ!" ಅಷ್ಟು ಹೇಳಿ ಓಡಿಹೋಗಬೇಕು.

ಅಪ್ಪ ತಗಡಿನ ಟೋಪಿ ಕೊಟ್ಟರು. ಅವನು ತೆಗೆದುಕೊಳ್ಳಲಿಲ್ಲ. "ಬ್ಯಾಡ ಯಜಮಾನ್ರೇ, ಕ್ರಾಪು ಕೆಡ್ತದೆ."

"ಸೈನಿಕ ಕಣಯ್ಯ ನೀನು! ತಲೆಗೆ ಏನಾದ್ರೂ ಬೇಡ್ವಾ?"

"ಹೇಳಿ ಓಡ್ಬರೋದು ತಾನೇ, ಬುಡಿ. ಅಷ್ಟರಾಗೆ ಯಾರು ಹೊಡೀತಾರೆ?"

ನಾನು ಹಿಂದೆ ಕೂತು ಕಿರೀಟಕ್ಕೆ ಮಣಿ ಅಂಟಿಸುತ್ತಿದ್ದೆ. ಬಾಯಿ ಸುಮ್ಮನಿರಬೇಕಲ್ಲ. "ಬಿಡಪ್ಪ, ಆ ತಲೆಗೆ ಬಾಣ ಬಿದ್ರೂ ಎಣ್ಣೇಲಿ ಜಾರಿ ಹೋಗುತ್ತೆ" ಅಂದೆ. ಅವನು ತಿರುಗಿ ನೋಡಿ ನಕ್ಕ. ಅಲ್ಲಿಗೆ ನನ್ನ ಕೋಟೆ ಮುತ್ತಿದಂತಾಯಿತು.

ನಾಟಕ ಮುಗಿಯಿತು. ಡ್ರೆಸ್ಸನ್ನು ಅವನು ಒಟ್ಟಿಗೆ ವಾಪಸ್ ಕೊಡಲಿಲ್ಲ. ಒಂದು ದಿನ ಬಂದು ಸೊಂಟಪಟ್ಟಿ ಕೊಟ್ಟ. ಆಮೇಲೆ ಒಂದು ದಿನ ಕತ್ತಿ. ಮತ್ತೊಂದು ದಿನ ಬರೀ ಎಡಗಾಲಿನ ಚಪ್ಪಲಿ. ಅಪ್ಪ ತಲೆ ಕೆರೆದುಕೊಂಡರು: "ಇವ್ನಿಗೆ ಕೊಟ್ಟಿದ್ದು ಸೈನಿಕನ ಡ್ರೆಸ್ಸಾ, ಇಡೀ ದಂಡಿನ ಡ್ರೆಸ್ಸಾ? ಮುಗಿಯೋದೇ ಇಲ್ವಲ್ಲ!"

ಅಂಟಿಸುವ ಮೀಸೆಯನ್ನು ಮಾತ್ರ ಕೊನೆಗೂ ಕೊಡಲಿಲ್ಲ. ಮದುವೆಯಾಗಿ ಹೋದಾಗ ನೋಡಿದೆ, ಅದು ಅತ್ತೆ ಮನೆಯ ಕನ್ನಡಿಗೆ ಅಂಟಿಕೊಂಡಿತ್ತು. ನಾನು ಬೊಟ್ಟು ಇಟ್ಟುಕೊಳ್ಳೋಕೆ ಬಗ್ಗಿದರೆ ಕನ್ನಡಿಯಲ್ಲಿ ನನಗೇ ಮೀಸೆ.

ಕಿವಿ ಇರುವ ಫೋನು

ಕುಚ್ಚು ಕಟ್ಟುವಾಗ ಎರಡೂ ಕೈಗೆ ಬಿಡುವಿರುವುದಿಲ್ಲ. ಅದಕ್ಕೇ ನಾನು ಬರೆಯುವುದಿಲ್ಲ, ಹೇಳುತ್ತೇನೆ. ಫೋನನ್ನು ಡಬ್ಬಕ್ಕೆ ಒರಗಿಸಿಟ್ಟು ಮಾತಾಡಿದರೆ ಅದೇ ಟೈಪ್ ಮಾಡಿಕೊಳ್ಳುತ್ತದೆ. ಅದಕ್ಕೆ ಕಿವಿ ಇದೆ, ವಿವೇಕ ಇಲ್ಲ. ಮನೆಯಲ್ಲಿ ಯಾರು ಏನಂದರೂ ಕಾದಂಬರಿಗೆ ಸೇರಿಸಿಬಿಡುತ್ತದೆ. ನಾನು ಆಮೇಲೆ ಕೂತು ಕಲ್ಲು ಆರಿಸಿದಂತೆ ಆರಿಸಬೇಕು.

ಒಂದು ಸಲ ಒಂದು ಕಲ್ಲು ಉಳಿದುಹೋಯಿತು. ಅಚ್ಚೂ ಆಯಿತು. ಬೆಳದಿಂಗಳು, ಅರಮನೆಯ ತೋಟ, ಯುದ್ಧಕ್ಕೆ ಹೊರಟ ನಾಯಕನ ಕೈ ಹಿಡಿದು ನಾಯಕಿ ಅನ್ನುತ್ತಾಳೆ: "ಪ್ರಾಣಕಾಂತ, ನೀನಿಲ್ಲದೆ ನಾನು ಒಂದು ಕ್ಷಣವೂ ಮೊದ್ಲು ಚಡ್ಡಿ ಹಾಕ್ಕೋ ವ್ಯಾನ್ ಬಂತು."

ಪುಸ್ತಕ ಬಂದ ವಾರಕ್ಕೆ ಕುಣಿಗಲ್ಲಿನಿಂದ ಒಬ್ಬರು ರಿಟೈರ್ಡ್ ಮೇಷ್ಟ್ರು ಫೋನ್ ಮಾಡಿದರು. ಅವರು ಬಹಳ ಮರ್ಯಾದೆಯಿಂದ, "ವಿರಹ ತುಂಬ ಚೆನ್ನಾಗಿ ಬಂದಿದೆ ತಾಯಿ. ಒಂದೇ ಒಂದು ಅನುಮಾನ. ಪಾಳೆಗಾರರ ಕಾಲದಲ್ಲಿ ವ್ಯಾನ್ ಇತ್ತಾ?" ಅಂದರು.

ಚಡ್ಡಿಯ ಬಗ್ಗೆ ಅವರಿಗೆ ಯಾವ ಆಕ್ಷೇಪವೂ ಇರಲಿಲ್ಲ.

ಕಬ್ಬಿಣದ ಟೋಪಿ

ಅತ್ತೆಗೆ ಓದು ಬರುವುದಿಲ್ಲ, ಕೇಳುವುದು ಬರುತ್ತದೆ. ನಾನು ಫೋನಿಗೆ ಕತೆ ಹೇಳುವಾಗ ಪಕ್ಕದಲ್ಲಿ ಹುಣಸೆಹಣ್ಣು ಬಿಡಿಸುತ್ತಲೋ ಅಕ್ಕಿ ಕೇರುತ್ತಲೋ ಕೂತಿರುತ್ತಾರೆ. ರಾಣಿಯ ಒಡವೆ, ಮಂತ್ರಿಯ ಸಂಚು ಯಾವುದಕ್ಕೂ ತಲೆ ಎತ್ತುವುದಿಲ್ಲ. "ಅವನು ಕುದುರೆ ಹತ್ತಿದ" ಅಂದರೆ ಸಾಕು, ಕೈ ನಿಂತುಹೋಗುತ್ತದೆ.

"ತಲೆಗೆ ಏನಾದ್ರೂ ಹಾಕ್ಕಂಡವ್ನಾ?"

ಮೊದಲ ಸಲ ನಾನು ನಕ್ಕೆ. "ಅತ್ತೆ, ಕುದುರೆಗೆ ಯಾರು ಫೈನ್ ಹಾಕ್ತಾರೆ?" ಅಂದೆ. ಅವರು ನಗಲಿಲ್ಲ.

ನಮ್ಮ ಯಜಮಾನರು ಕುಣಿಗಲ್ಲಿಗೆ ಹೊರಟ ಆವತ್ತು ಅವರು ಬಾಗಿಲಲ್ಲಿ ನಿಂತಿದ್ದರು. ಮಗ ಬೈಕ್ ಒದ್ದು ಹೊರಟಾಗ ತಿರುಗಿ ನೋಡಿದರೆ ಹೆಲ್ಮೆಟ್ಟು ಗೋಡೆಯಲ್ಲೇ ಇತ್ತು. ಕೂಗೋಕೆ ಬಾಯಿ ತೆಗೆದರು. ಹೊರಟವರನ್ನು ಹಿಂದಿನಿಂದ ಕೂಗಬಾರದು, ಕೆಟ್ಟದಾಗುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಕೂಗನ್ನು ಗಂಟಲಲ್ಲೇ ನುಂಗಿಕೊಂಡರು. "ಕೆಟ್ಟದಾಗ್ಬಾರ್ದು ಅಂತ ಸುಮ್ಕಾದೆ ಕಣೇ" ಅಂತ ನನಗೆ ಒಂದೇ ಒಂದು ಸಲ ಹೇಳಿದ್ದಾರೆ. ಅಷ್ಟು ಹೇಳಿ ಅವರು ಅಳಲೂ ಇಲ್ಲ. ಅಳುವ ಹಕ್ಕು ತನಗಿಲ್ಲ ಅನ್ನುವ ಹಾಗೆ ಎದ್ದು ಪಾತ್ರೆ ತೊಳೆಯೋಕೆ ಹೋದರು.

ಅದನ್ನು ಕೇಳಿದ ದಿನದಿಂದ ನನ್ನ ನಾಯಕರೆಲ್ಲ ಕಬ್ಬಿಣದ ಟೋಪಿ ಹಾಕುತ್ತಾರೆ. ಯುದ್ಧದಲ್ಲಿ ಸರಿ. ಬೇಟೆಯಲ್ಲೂ ಸರಿ. ಉಯ್ಯಾಲೆ ಮೇಲೂ ಹಾಕುತ್ತಾರೆ. ಕಾಲೇಜು ಹುಡುಗಿಯೊಬ್ಬಳು ಫೋನ್ ಮಾಡಿ ಕೇಳಿಯೇಬಿಟ್ಟಳು: "ಆಂಟಿ, ಮುತ್ತು ಕೊಡುವಾಗ್ಲೂ ನಿಮ್ ಹೀರೋ ಟೋಪಿ ತೆಗೆಯಲ್ವಲ್ಲ, ಹೀರೋಯಿನ್ ಹಣೆ ಊದ್ಕೊಳ್ಳಲ್ವಾ?"

ಸ್ಪೀಕರ್ ಹಾಕಿತ್ತು. ಅತ್ತೆ ಅಡುಗೆಮನೆಯಿಂದಲೇ ಉತ್ತರ ಕೊಟ್ಟರು:

"ಊದ್ಕಳ್ಳಿ ಬುಡವ್ವ. ಊದಿದ್ದು ಇಳೀತದೆ."

ಅಧ್ಯಕ್ಷರಿಗೆ ಮಲ್ಲಿಗೆ

ಒಂದು ಮಹಿಳಾ ಸಂಘದವರು ತುಮಕೂರಿನಲ್ಲಿ ನನಗೆ ಸನ್ಮಾನ ಇಟ್ಟುಕೊಂಡಿದ್ದರು. ವೇದಿಕೆ ಮೇಲೆ ನಾನು, ಪಕ್ಕದಲ್ಲಿ ಕಾರ್ಯಕ್ರಮದ ಅಧ್ಯಕ್ಷರು. ದೊಡ್ಡ ಮನುಷ್ಯರು, ನುಣ್ಣನೆ ತಲೆ. ಸ್ವಾಗತ ಮಾಡಿದವರು ನನ್ನನ್ನು "ಹೆಣ್ಣಿನ ಕಣ್ಣೀರನ್ನು ಬಲ್ಲ ಲೇಖಕಿ" ಅಂತ ಹೊಗಳಿದರು.

ಆಮೇಲೆ ಒಬ್ಬ ಹೆಂಗಸು ತಟ್ಟೆ ಹಿಡಿದು ಬಂದರು. ಅರಿಸಿನ, ಕುಂಕುಮ, ಮಲ್ಲಿಗೆ. ನನ್ನ ಮುಂದೆ ಬಂದು ಬೆರಳಿಗೆ ಕುಂಕುಮ ತೆಗೆದುಕೊಂಡರು. ಅಷ್ಟರಲ್ಲಿ ಕೆಳಗಿನಿಂದ ಯಾರೋ ಕಣ್ಣುಸನ್ನೆ ಮಾಡಿದರು ಅಂತ ಕಾಣುತ್ತದೆ. ಕೈ ಅಲ್ಲೇ ನಿಂತಿತು. ಇಡೋ ಹಾಗಿಲ್ಲ, ವಾಪಸ್ ತಟ್ಟೆಗೆ ಹಾಕೋ ಹಾಗಿಲ್ಲ. ನನ್ನ ಹಣೆಗೂ ಅವರ ಬೆರಳಿಗೂ ನಡುವೆ ಒಂದು ಗೇಣು ಜಾಗ. ಆ ಗೇಣಿನಲ್ಲಿ ನನಗೆ ಏನೇನೆಲ್ಲ ಕಾಣಿಸಿತು ಅಂತ ಬರೆದರೆ ಅದೇ ಒಂದು ಕಾದಂಬರಿಯಾಗುತ್ತದೆ.

ಗಾಬರಿಯಲ್ಲಿ ಆ ತಾಯಿ ಪಕ್ಕಕ್ಕೆ ತಿರುಗಿ ಆ ಕುಂಕುಮವನ್ನು ಅಧ್ಯಕ್ಷರ ಹಣೆಗೆ ಇಟ್ಟುಬಿಟ್ಟರು. ಹೂವನ್ನೂ ಅವರ ಕೈಗೇ ಕೊಟ್ಟರು.

ನಾನು ಮೈಕ್ ಹಿಡಿದೆ. "ಹೂವು ನನಗೇ ಕೊಟ್ಟುಬಿಡಿ ಅಮ್ಮ. ಅವರಾದ್ರೂ ಎಲ್ಲಿ ಮುಡ್ಕೋತಾರೆ ಪಾಪ?"

ಬಸ್ಸಿನಲ್ಲಿ ಒಂದು ಅಧ್ಯಾಯ

ಈಗ ಬರೆಯುತ್ತಿರುವ ಕಾದಂಬರಿಯ ನಾಯಕ ಹುಲಿಯೂರುದುರ್ಗದ ಕೋಟೆಯ ಒಬ್ಬ ಸವಾರ. ಪ್ರಕಾಶಕರು ಮೊದಲೇ ಹೇಳಿದ್ದರು: "ಈ ಸಲ ಅವನನ್ನ ಸಾಯಿಸಮ್ಮ. ವಾಪಸ್ ಬರ್ತಾನೆ ಅಂತ ಓದೋರಿಗೆಲ್ಲ ಗೊತ್ತಾಗ್ಬಿಟ್ಟಿದೆ. ಸ್ವಲ್ಪ ಕಣ್ಣೀರು ಬರ್ಲಿ."

"ಕಣ್ಣೀರು ನಮ್ಮನೇಲೇ ಬೇಕಾದಷ್ಟಿದೆ ಸಾರ್, ಪುಸ್ತಕಕ್ಕೆ ಬೇರೆ ಯಾಕೆ?" ಅಂದೆ. ಆದರೆ ಅವರು ಹೇಳಿದ್ದು ನಿಜ ಅಂತ ನನಗೂ ಗೊತ್ತಿತ್ತು. ಬಾರದವರನ್ನು ಎಷ್ಟು ಪುಸ್ತಕದಲ್ಲಿ ಅಂತ ಕರೆತರಲಿ? ಅತ್ತೆಗೆ ವಿಷಯ ತಿಳಿಯಿತು. "ಅವ್ನ ಸಾಯ್ಸಿದ್ರೆ ನಾನು ನಿನ್ ಕೈಯಾಗೆ ಅನ್ನ ತಿನ್ನಾಕಿಲ್ಲ" ಅಂದರು.

ಅಷ್ಟರಲ್ಲಿ ಹುಲಿಯೂರುದುರ್ಗದಲ್ಲಿ ನೆಂಟರ ಗೃಹಪ್ರವೇಶ ಬಂತು. ಬಸ್ಸು ಕುಣಿಗಲ್ ಮೇಲೇ ಹೋಗಬೇಕು. ಕುಣಿಗಲ್ಲಿಗೆ ಮುಂಚೆ, ಯಜಮಾನರ ಬೈಕ್ ಬಿದ್ದ ಆ ತಿರುವು ಬರುತ್ತದೆ. ಅದು ದಾಟುವವರೆಗೂ ಅತ್ತೆ ಕಣ್ಣು ಮುಚ್ಚಿಕೊಂಡೇ ಇರುತ್ತಾರೆ. ಅವತ್ತು ಸಾಲದು ಅಂತ ನನ್ನ ಕೈಯನ್ನೂ ಹಿಡಿದುಕೊಂಡರು. "ಏನಾದ್ರೂ ಹೇಳೇ. ಬಾಯಿ ಬುಡೇ."

ನನಗೆ ಬರುವುದು ಒಂದೇ ವಿದ್ಯೆ. ಕತೆ ಹೇಳಿದೆ. ಬಸ್ಸಿನ ಸದ್ದಿಗೆ ಗಂಟಲು ಎತ್ತರಿಸಬೇಕಾಯಿತು. ಸವಾರ ಕೋಟೆ ಬಾಗಿಲಿಗೆ ಬಂದ, ಸುತ್ತಲೂ ಶತ್ರುಗಳು, ಮೇಲೆ ಬುರುಜಿನಲ್ಲಿ ಅವಳು. ನೋಡಿದರೆ ಮುಂದಿನ ಸೀಟಿನವರು ತಿರುಗಿ ಕೂತಿದ್ದಾರೆ, ಹಿಂದಿನವರು ಎದ್ದು ನಿಂತಿದ್ದಾರೆ, ಕಂಡಕ್ಟರು ಟಿಕೆಟ್ ಕೊಡುವುದು ಬಿಟ್ಟು ಕಂಬ ತಬ್ಬಿಕೊಂಡಿದ್ದಾನೆ. ಬಸ್ಸು ಕುಣಿಗಲ್ ಸ್ಟ್ಯಾಂಡಿಗೆ ಬಂದು ನಿಂತಿತು. ಯಾರೂ ಇಳಿಯಲಿಲ್ಲ.

"ಬೇಗ ಹೇಳಕ್ಕ, ಬದುಕ್ತಾನಾ ಇಲ್ವಾ?" ಅಂದ ಕಂಡಕ್ಟರು.

"ಗೊತ್ತಿಲ್ಲಣ್ಣ. ಇನ್ನೂ ಬರೆದಿಲ್ಲ."

ಮೂಲೆಯಲ್ಲಿದ್ದ ಒಬ್ಬ ಮುದುಕಪ್ಪ ಬ್ಯಾಗ್ ಎತ್ತಿಕೊಂಡು ಎದ್ದ. "ಬರೀದೆ ಇದ್ಮ್ಯಾಕೆ ಯಾಕವ್ವ ಶುರು ಮಾಡ್ದೆ? ನಾನ್ ಇಳಿಯೋ ಊರು ಆಗ್ಲೇ ಹಿಂದಿಕ್ಕೋಯ್ತು!"

ಎಲ್ಲರೂ ನಕ್ಕರು. ಅತ್ತೆ ಮಾತ್ರ ಕಿಟಕಿಯ ಆಚೆ ನೋಡುತ್ತಿದ್ದರು. ಕಣ್ಣು ತೆರೆದಿತ್ತು. ತಿರುವು ಯಾವಾಗ ದಾಟಿತು ಅಂತ ಅವರಿಗೂ ಗೊತ್ತಾಗಿರಲಿಲ್ಲ.

ಹಸಿದು ಸತ್ತ ನಾಯಕ

ಆಮೇಲೆ ಒಂದು ಬೆಳಿಗ್ಗೆ ಹೇಳಿಬಿಟ್ಟೆ. ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಅವನು ಸತ್ತ ಅತ್ತೆ."

ಅವರ ಕೈ ನಿಂತಿತು. "ತಲೆಗೆ ಹಾಕ್ಕಂಡಿದ್ನಾ?"

"ಹಾಕ್ಕೊಂಡಿದ್ದ."

"ಗಟ್ಟಿದಾ?"

"ಕಬ್ಬಿಣದ್ದು."

"ಅವನವ್ವ ಅವ್ನ ಹಿಂದ್ಲಿಂದ ಕೂಗಿದ್ಲಾ?"

ಸವಾರನಿಗೆ ಒಬ್ಬ ತಾಯಿ ಇದ್ದಾಳೆ ಅಂತ ಆ ಗಳಿಗೆಯವರೆಗೂ ನಾನು ಯೋಚಿಸಿಯೇ ಇರಲಿಲ್ಲ. "ಕೂಗಿದ್ಲು ಅತ್ತೆ. ಅವನು ತಿರುಗಿ ಬಂದು, ಹಾಕ್ಕೊಂಡೇ ಹೋದ."

"ಆದ್ರೂವೆ?"

"ಆದ್ರೂ."

ಅತ್ತೆ ಬೆಳ್ಳುಳ್ಳಿಯ ಮೊರ ಪಕ್ಕಕ್ಕೆ ಸರಿಸಿದರು. ಸೆರಗು ಬಾಯಿಗೆ ಇಟ್ಟುಕೊಳ್ಳೋಕೆ ಹೋದರು, ಆಗಲಿಲ್ಲ. ಮಗ ಹೋದ ಮೇಲೆ ಅವರು ಗಂಟಲು ಬಿಟ್ಟು ಅತ್ತದ್ದು ಅವತ್ತೇ. ಮಧ್ಯಾಹ್ನ ನನ್ನ ಕೈಯಲ್ಲೇ ಅನ್ನವನ್ನೂ ತಿಂದರು.

ಪಿತೃಪಕ್ಷ ಬಂತು. ನಮ್ಮಲ್ಲಿ ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆಗೆ ಬಡಿಸಿ ಎಡೆ ಇಡುತ್ತೇವೆ. ಆಮೇಲೆ ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಕೂರುತ್ತೇವೆ, ಅವರು ಬಂದು ತಿಂದು ಹೋಗಲಿ ಅಂತ. ಮಗನ ಎಡೆಯನ್ನು ಅತ್ತೆ ಇಲ್ಲಿಯವರೆಗೂ ಇಡಲು ಬಿಟ್ಟಿರಲಿಲ್ಲ. ಭಾವ ಊರಿಂದ ಫೋನ್ ಮಾಡಿ ಕೇಳಿದಾಗಲೆಲ್ಲ, "ಎಡೆ ಇಕ್ಕೋದು ಹಿರೇರಿಗೆ. ನನ್ ಮಗ ಯಾವಾಗ್ಲಾ ಹಿರೇನಾದ?" ಅಂತ ಬೈದು ಫೋನ್ ಇಟ್ಟುಬಿಡುತ್ತಿದ್ದರು.

ಈ ಸಲ ತಾವೇ ಬಂದು ನನ್ನ ಮುಂದೆ ಕೂತರು. "ನಿನ್ ಕತೆಯವ್ನಿಗೆ ಎಡೆ ಇಕ್ಕನ ಕಣೇ."

"ಅತ್ತೆ, ಅವನು ಕತೆಯೋನು!"

"ಸತ್ತವ್ನೋ ಇಲ್ವೋ?"

"ಸತ್ತವ್ನೆ."

"ಮತ್ತೆ? ಮದ್ವೇನೂ ಆಗಿರ್ಲಿಲ್ಲ, ಯಾರವ್ರೆ ಅವ್ನಿಗೆ ಇಕ್ಕೋರು? ಅವ್ನಿಗೆ ತಿನ್ನಾಕೆ ಏನಿಷ್ಟ ಹೇಳು."

ನಾನು ಫೋನ್ ತೆಗೆದು ಮೊದಲ ಅಧ್ಯಾಯದಿಂದ ಹುಡುಕಿದೆ. ಬೆಳದಿಂಗಳಿತ್ತು, ನಿಟ್ಟುಸಿರಿತ್ತು. ಊಟ ಎಲ್ಲೂ ಇರಲಿಲ್ಲ.

ಅತ್ತೆ ಹಣೆ ಚಚ್ಚಿಕೊಂಡರು. "ನಾನೂ ಶುರುವಿಂದ ಕೇಳ್ತಾನೇ ಇವ್ನಿ, ಒಂದ್ ತುತ್ತು ತಿಂದಿಲ್ವಲ್ಲೇ ಅವ್ನು! ಚಂದ್ರನ್ನ ನೋಡ್ತಾ ಕುಂತ್ರೆ ಹೊಟ್ಟೆ ತುಂಬ್ತದಾ? ಕತ್ತಿ ಏಟಿಗೆ ಸತ್ತಿಲ್ಲ ಕಣೇ ಅವ್ನು, ಹಸ್ಕಂಡು ಸತ್ತವ್ನೆ. ನೀನು ಕೊಂದಿದೀಯ!"

ಆಮೇಲೆ ಹೆಲ್ಮೆಟ್ಟಿನ ಮೊಳೆಯ ಕಡೆ ನೋಡುತ್ತ ಅಂದರು: "ಹೋಗ್ಲಿ. ನನ್ ಮಗ ತಿಂತಿದ್ದದ್ನೇ ಇಕ್ತೀನಿ."

ಮುದ್ದೆ, ಮಟನ್ ಸಾರು, ವಡೆ, ಪಾಯಸ. ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರಿಸಿದರು. ಮೊಟ್ಟೆ ಬೋಂಡವನ್ನು ತಾವೇ ಕರಿದರು. ಎಲ್ಲ ಬಡಿಸಿದ ಮೇಲೆ ಮೊಳೆಯಿಂದ ಹೆಲ್ಮೆಟ್ಟನ್ನು ತೆಗೆದು, ಸೆರಗಿನಲ್ಲಿ ಒರೆಸಿ, ಎಲೆಯ ಪಕ್ಕ ಇಟ್ಟರು. ನಾನು ಒಳಗೆ ಹೋಗಿ ಯಜಮಾನರ ಫೋಟೋ ತಂದು ಹಿಂದೆ ಒರಗಿಸಿದೆ. ಅತ್ತೆ ನೋಡಿದರು. ತೆಗಿ ಅನ್ನಲಿಲ್ಲ. ಕತೆಯವನ ಹೆಸರನ್ನು ಮತ್ತೆ ಎತ್ತಲೂ ಇಲ್ಲ.

ಬಾಗಿಲು ಮುಂದೆ ಮಾಡಿಕೊಂಡು ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಮಗಳು ಪಕ್ಕದ ಮನೆಯಲ್ಲಿ ಆಡುತ್ತಿದ್ದಾಳೆ ಅಂದುಕೊಂಡಿದ್ದೆ. ಓನರ್ ಆಂಟಿ ಮೇಲಿನಿಂದ ಬಗ್ಗಿ, "ಯಾರಿಗೆ ಅಜ್ಜಿ ಎಡೆ?" ಅಂದರು.

"ನಮ್ ಹುಡುಗ್ನಿಗೆ" ಅಂದರು ಅತ್ತೆ. ಮಗನಿಗೆ ಎಡೆ ಅನ್ನುವ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಆಗ ಒಳಗೆ ಎಲೆ ಸರಸರ ಅಂದಿತು.

ಅತ್ತೆ ನನ್ನ ಮೊಣಕೈ ಹಿಡಿದರು. "ಬಂದವ್ನೆ ಕಣೇ."

ಮತ್ತೆ ಸದ್ದಾಯಿತು, ಲೋಟ ಉರುಳಿತು. ಅತ್ತೆ ಎದ್ದು ನಿಂತು, ಮಗ ಹೊರಟ ದಿನ ನುಂಗಿಕೊಂಡಿದ್ದ ಕೂಗನ್ನೆಲ್ಲ ಬಾಗಿಲ ಕಡೆ ಬಿಟ್ಟರು: "ನಿಧಾನಕ್ಕೆ ತಿನ್ನಪ್ಪ! ಇನ್ನೂ ಅವೆ!"

ಒಳಗಿನಿಂದ ಉತ್ತರ ಬಂತು. "ಹೂಂ."

ನಾನು ಬಾಗಿಲು ತಳ್ಳಿದೆ. ಎಲೆಯ ಮುಂದೆ ನನ್ನ ಮಗಳು ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ತಲೆ ಮೇಲೆ ಅಪ್ಪನ ಹೆಲ್ಮೆಟ್ಟು, ಭುಜದವರೆಗೂ ಇಳಿದಿತ್ತು. ಮುಂದಿನ ಗಾಜು ಎತ್ತಿಕೊಂಡು ಆ ಕಿಂಡಿಯೊಳಗೆ ಮೊಟ್ಟೆ ಬೋಂಡ ತುರುಕುತ್ತಿದ್ದಳು.

"ಯಾರೂ ಬರ್ಲಿಲ್ಲ ಅಜ್ಜಿ" ಅಂದಳು. "ತಣ್ಣಗಾಗ್ತಿತ್ತು, ಅದಕ್ಕೇ ನಾನೇ."

ಎಡೆ ಮೈಲಿಗೆಯಾಯಿತು, ಇನ್ನು ಇವಳ ಬೆನ್ನು ಮುರಿಯುತ್ತಾರೆ ಅಂತ ನಾನು ಅಡ್ಡ ಹೋದೆ. ಅತ್ತೆ ಹೊಸ್ತಿಲ ಮೇಲೇ ಕುಸಿದು ಕೂತರು. ಅಳುತ್ತಿದ್ದಾರೋ ನಗುತ್ತಿದ್ದಾರೋ ಅಂತ ಮುಖ ನೋಡಿದರೆ ಎರಡೂ ಒಟ್ಟಿಗೇ ನಡೆಯುತ್ತಿತ್ತು.

"ಬೈಬ್ಯಾಡ ಬುಡೇ ಅವ್ಳ. ಅಂತೂ ಈ ವಂಶದಾಗೆ ಒಬ್ರಾದ್ರೂ ಹೇಳ್ದೇನೇ ತಲೆಗೆ ಹಾಕ್ಕಂಡ್ರಲ್ಲ!"